ಅವಳ ಹೆಸರು ಗಂಗಾ

ಚಲನಚಿತ್ರವೊಂದು ಚಿತ್ರಮಂದಿರದಲ್ಲಿಯೇ ಮುಗಿದುಹೋಗುತ್ತದೆ ಎಂದು ನಾವು ಭಾವಿಸುತ್ತೇವೆ. ಆದರೆ ಜನರು ಮನಸಾರೆ ಮೆಚ್ಚಿದ ಚಿತ್ರ ಹಾಗೆ ಮುಗಿಯುವುದಿಲ್ಲ. ಅದು ನಮ್ಮ ದಿನನಿತ್ಯದ ಮಾತಿನೊಳಗೆ ಬಂದು ನೆಲೆಸುತ್ತದೆ. ಹಾಸನದಿಂದ ಚನ್ನರಾಯಪಟ್ಟಣದ ಕಡೆಗೆ ಹೋಗುವ ಹೆದ್ದಾರಿಯಲ್ಲಿರುವ ಶಾಂತಿಗ್ರಾಮದ ಸುತ್ತಮುತ್ತಲ ಹಳ್ಳಿಗಳಲ್ಲಿ, ತಲೆಗೆ ಎರೆದುಕೊಂಡು ಕೂದಲು ಹರವಿ ಜಗುಲಿಯ ಮೇಲೆ ಕುಳಿತ ಹುಡುಗಿಯನ್ನು ಕಂಡರೆ ಅಣ್ಣತಮ್ಮಂದಿರು "ಏನೇ ನಾಗವಲ್ಲಿ" ಎಂದು ಛೇಡಿಸುತ್ತಾರೆ. ಸೊಸೆಯ ದನಿ ಕೊಂಚ ಏರಿದರೆ, ಪಕ್ಕದ ಮನೆಯವರು ಪಿಸುಗುಟ್ಟುವುದೂ ಅದೇ ಹೆಸರನ್ನು. 2004ಕ್ಕೆ ಮುನ್ನ ನಮ್ಮ ಸೀಮೆಯಲ್ಲಿ ಈ ಹೆಸರನ್ನು ಬಲ್ಲವರು ಯಾರೂ ಇರಲಿಲ್ಲ. ಅದು 'ಆಪ್ತಮಿತ್ರ' ಚಿತ್ರ ನಮಗೆ ಕೊಟ್ಟ ಹೆಸರು.

ಈ ಚಿತ್ರದ ಮೇಲೆ ನಮ್ಮ ಜನರಿಗಿರುವ ಪ್ರೀತಿಯನ್ನು ಕುರಿತು, ಆ ಪ್ರೀತಿ ನಮ್ಮಿಂದ ಏನನ್ನು ಕೇಳುತ್ತದೆ ಎಂಬುದನ್ನು ಕುರಿತು ನಾಲ್ಕು ಮಾತು ಬರೆಯಬೇಕೆನಿಸಿದೆ. ಗುರುಗಳಿಗೇಕೆ ಸಿನಿಮಾದ ಚಿಂತೆ ಎಂದು ಕೆಲವರು ಕೇಳಬಹುದು. ಮನುಷ್ಯರು ಯಾವುದಕ್ಕೆ ನಗುತ್ತಾರೆ, ಯಾವುದಕ್ಕೆ ಹೆದರುತ್ತಾರೆ, ಯಾರನ್ನು ತಮ್ಮವರೆಂದು ಅಪ್ಪಿಕೊಳ್ಳುತ್ತಾರೆ ಎಂಬುದನ್ನು ಅರಿಯದವನು ಅವರ ಮನೆಯ ಹೊಸಿಲಲ್ಲೇ ನಿಂತುಬಿಡುತ್ತಾನೆ.

'ಆಪ್ತಮಿತ್ರ' ತೆರೆಗೆ ಬಂದದ್ದು 2004ರ ಆಗಸ್ಟ್ 27ರಂದು. ನಿರ್ಮಾಪಕರು ದ್ವಾರಕೀಶ್, ನಿರ್ದೇಶಕರು ಪಿ. ವಾಸು, ಸಂಗೀತ ಗುರುಕಿರಣ್ ಅವರದು. ಅದರ ಮೂಲ, 1993ರಲ್ಲಿ ಫಾಜಿಲ್ ನಿರ್ದೇಶಿಸಿದ ಮಲಯಾಳಂ ಚಿತ್ರ 'ಮಣಿಚಿತ್ರತ್ತಾಳ್'. ಕನ್ನಡದಲ್ಲಿ ಅದು ಬೆಂಗಳೂರಿನಲ್ಲಿ ಒಂದು ವರ್ಷ ಓಡಿತು. ಆಗ ನಾನು ಮೂವತ್ತು ದಾಟಿದ ಕಿರಿಯ ಗುರು. ಧರ್ಮಕೇಂದ್ರದ ಯುವಕರು ಭಾನುವಾರದ ಬಲಿಪೂಜೆ ಮುಗಿದೊಡನೆ ಬಸ್ಸು ಹತ್ತಿ ಹಾಸನಕ್ಕೆ ಹೊರಟಾಗ, ನನ್ನನ್ನೂ ಬಿಡದೆ ಎಳೆದುಕೊಂಡು ಹೋದರು. ದ್ವಾರಕೀಶರ ಮುಸರೆ ಕೃಷ್ಣಮೂರ್ತಿ ಹೆದರಿ ನಡುಗಿದಾಗಲೆಲ್ಲ ಕುರ್ಚಿಯ ಮೇಲೆ ಎದ್ದುಬಿದ್ದು ನಕ್ಕ ಅದೇ ಹುಡುಗರು, ರಾತ್ರಿ ಬಸ್ಸಿಳಿದು ಕೆರೆ ಏರಿಯ ಹುಣಸೆಮರದ ಬಳಿ ಬಂದಾಗ ಮಾತು ನಿಲ್ಲಿಸಿ ಒಬ್ಬರ ಹೆಗಲ ಮೇಲೊಬ್ಬರು ಕೈಹಾಕಿಕೊಂಡು ನಡೆದರು. ಹಿಂದೆ ಉಳಿಯಲು ಯಾರೂ ಸಿದ್ಧರಿರಲಿಲ್ಲ.

ಭಯ ಮತ್ತು ನಗು ಒಂದೇ ಎಲೆಯಲ್ಲಿ ಬಡಿಸುವ ಈ ಪದ್ಧತಿ ನಮ್ಮವರಿಗೆ ಹೊಸದೇನೂ ಅಲ್ಲ. ಮೂಡಲಪಾಯ ಬಯಲಾಟದಲ್ಲಿ ರಕ್ಕಸನ ಆರ್ಭಟಕ್ಕೆ ಮಕ್ಕಳು ತಾಯಿಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡ ಹೊತ್ತಿನಲ್ಲೇ ಕೋಡಂಗಿ ಬಂದು ಎಲ್ಲರನ್ನೂ ನಗಿಸುತ್ತಾನೆ. 1990ರ ದಶಕದಲ್ಲಿ ಕರ್ನಾಟಕದ ಅನೇಕ ಊರುಗಳಲ್ಲಿ, ರಾತ್ರಿ ದೆವ್ವವೊಂದು ಬಂದು ಬಾಗಿಲು ಬಡಿಯುತ್ತದೆ ಎಂಬ ಸುದ್ದಿ ಹಬ್ಬಿ, ಜನರು ಬಾಗಿಲು ಗೋಡೆಗಳ ಮೇಲೆ 'ನಾಳೆ ಬಾ' ಎಂದು ಬರೆದದ್ದು ಹಿರಿಯರಿಗೆ ನೆನಪಿರಬಹುದು. ದೆವ್ವ ಅದನ್ನು ಓದಿ ಹಿಂದಿರುಗುತ್ತದೆ, ಮರುದಿನ ಬಂದರೆ ಮತ್ತೆ ಅದೇ ಬರಹ. ಸಾಲ ಕೇಳಲು ಬಂದವನನ್ನು ಸಾಗಹಾಕುವ ಉಪಾಯದಿಂದಲೇ ದೆವ್ವವನ್ನೂ ಸಾಗಹಾಕಿದ ಜನ ನಾವು! 2018ರ ಹಿಂದಿ ಹಾಸ್ಯ-ಭಯದ ಚಿತ್ರ 'ಸ್ತ್ರೀ' ಕೂಡ ಇದೇ ಕಥೆಯನ್ನು ಆಧರಿಸಿತು. ಹೆದರಿಕೆಯನ್ನು ಹೊರಲಾಗದಷ್ಟು ಭಾರವಾದಾಗ ಮನುಷ್ಯ ಅದಕ್ಕೊಂದು ನಗುವಿನ ಹಿಡಿ ಹಾಕಿಕೊಂಡು ಎತ್ತುತ್ತಾನೆ. ಅದು ದೇವರು ಕೊಟ್ಟ ಒಂದು ಸಣ್ಣ ಬಲ ಎಂದೇ ನಾನು ತಿಳಿದಿದ್ದೇನೆ.

ಇನ್ನು ನಾಯಕನ ಮಾತು. 1950ರ ಸೆಪ್ಟೆಂಬರ್ 18ರಂದು ಮೈಸೂರಿನಲ್ಲಿ ಜನಿಸಿದ ಸಂಪತ್‌ಕುಮಾರ್, ಪುಟ್ಟಣ್ಣ ಕಣಗಾಲರ 'ನಾಗರಹಾವು' ಚಿತ್ರದಿಂದ 1972ರಲ್ಲಿ ವಿಷ್ಣುವರ್ಧನ್ ಆದರು. ಸಿಡುಕಿನ, ಆದರೆ ಮೇಷ್ಟ್ರ ಮುಂದೆ ಮಗುವಾಗುವ ರಾಮಾಚಾರಿಯನ್ನು ಕನ್ನಡಿಗರು ಮನೆಯ ಹುಡುಗನೆಂದೇ ಸ್ವೀಕರಿಸಿದರು. ಮೂರು ದಶಕಗಳ ಬಳಿಕ ಅದೇ ನಟ ಡಾಕ್ಟರ್ ವಿಜಯ್ ಆಗಿ ಬಂದಾಗ, ರಾಮಾಚಾರಿಯ ಕೋಪ ಕರಗಿ, ಇತರರ ಕೋಪವನ್ನೂ ನೋವನ್ನೂ ತಾಳಿಕೊಳ್ಳಬಲ್ಲ ಪ್ರೌಢತೆ ಬಂದಿತ್ತು. ಅಭಿಮಾನಿಗಳು ಅವರ ಕೈಯ ಕಡಗದಂಥದೇ ಕಡಗ ಧರಿಸಿದರು, ಆಟೋಗಳ ಬೆನ್ನಿಗೆ ಅವರ ಚಿತ್ರ ಬರೆಸಿದರು, 'ದಾದಾ' ಎಂದು ಕರೆದರು.

ತೆರೆಯ ಹಿಂದೆಯೂ ಒಂದು ಸ್ನೇಹದ ಕಥೆ ಇತ್ತು. 'ಕಳ್ಳ ಕುಳ್ಳ'ದ ಕಾಲದಿಂದ ಜೋಡಿಯೆನಿಸಿದ್ದ ವಿಷ್ಣುವರ್ಧನ್ ಮತ್ತು ದ್ವಾರಕೀಶ್ ನಡುವೆ ಮುನಿಸು ಬಂದು, ಹಲವು ವರ್ಷ ಒಟ್ಟಿಗೆ ಕೆಲಸ ಮಾಡಿರಲಿಲ್ಲ. ನಷ್ಟದ ಮೇಲೆ ನಷ್ಟ ಕಂಡಿದ್ದ ದ್ವಾರಕೀಶರನ್ನು ಮತ್ತೆ ನಿಲ್ಲಿಸಿದ ಚಿತ್ರ ಇದು. ಮುನಿಸಿಕೊಂಡ ಗೆಳೆಯರಿಬ್ಬರು ಕೂಡಿ ಮಾಡಿದ ಚಿತ್ರಕ್ಕೆ 'ಆಪ್ತಮಿತ್ರ' ಎಂಬ ಹೆಸರು ಎಷ್ಟು ಚೆನ್ನಾಗಿ ಒಪ್ಪಿತು ನೋಡಿ.

ಆದರೆ ಚಿತ್ರದ ತಿರುಳು ಇನ್ನೂ ಆಳದಲ್ಲಿದೆ. ರಮೇಶ್ ಮತ್ತು ಅವನ ಹೆಂಡತಿ ಗಂಗಾ ಹಳೆಯ ಅರಮನೆಯೊಂದಕ್ಕೆ ಬಂದು ನೆಲೆಸುತ್ತಾರೆ. ಅಲ್ಲೊಂದು ಬೀಗ ಹಾಕಿದ ಕೋಣೆ. ಎಂದೋ ಒಬ್ಬ ರಾಜನಿಂದ ಅನ್ಯಾಯಕ್ಕೊಳಗಾಗಿ ಸತ್ತ ನರ್ತಕಿ ನಾಗವಲ್ಲಿಯ ಆತ್ಮ ಅಲ್ಲಿದೆ ಎಂಬುದು ಊರಿನವರ ನಂಬಿಕೆ. ಮನೆಯಲ್ಲಿ ವಿಚಿತ್ರಗಳು ನಡೆಯತೊಡಗಿದಾಗ ಎಲ್ಲರೂ ದೆವ್ವವನ್ನು ಹುಡುಕುತ್ತಾರೆ. ಮನೋವೈದ್ಯನಾದ ಗೆಳೆಯ ಒಬ್ಬನೇ ಮನುಷ್ಯರನ್ನು ಗಮನಿಸುತ್ತಾನೆ. ಎಲ್ಲರ ಅನುಮಾನ ಬೇರೊಬ್ಬಳ ಮೇಲಿದ್ದಾಗ, ಸೌಮ್ಯವಾಗಿ ನಗುವ ಗಂಗಾಳೇ ಒಳಗೊಳಗೇ ಒಡೆದುಹೋಗಿದ್ದಾಳೆ ಎಂಬುದನ್ನು ಅವನು ಕಾಣುತ್ತಾನೆ. ಅವಳಲ್ಲಿರುವುದು ಕಾಯಿಲೆ, ಅದಕ್ಕೆ ಅವಳು ಕೇಳಿದ ಕಥೆಯ ನಾಗವಲ್ಲಿ ಒಂದು ರೂಪವನ್ನೂ ಒಂದು ಭಾಷೆಯನ್ನೂ ಕೊಟ್ಟಿದ್ದಾಳೆ. ಮಂತ್ರಶಾಸ್ತ್ರ ಬಲ್ಲ ಆಚಾರ್ಯರನ್ನು ವೈದ್ಯನು ಹಂಗಿಸುವುದಿಲ್ಲ. ಆಚಾರ್ಯರೂ ವೈದ್ಯನನ್ನು ತಡೆಯುವುದಿಲ್ಲ. ಇಬ್ಬರೂ ಕೂಡಿ ಅವಳನ್ನು ಉಳಿಸಿಕೊಳ್ಳುತ್ತಾರೆ. ಚಿತ್ರಕಥೆಯ ಚಿಕಿತ್ಸೆ ವೈದ್ಯಶಾಸ್ತ್ರಕ್ಕೆ ಪೂರ್ತಿ ಒಪ್ಪುವಂಥದಲ್ಲದಿರಬಹುದು. ಆದರೂ ಅದರ ದಿಕ್ಕು ಸರಿಯಾಗಿದೆ. ಎಲ್ಲರೂ ನಾಗವಲ್ಲಿ ಎಂದು ನಡುಗುವಾಗ, ಅವಳನ್ನು ಗಂಗಾ ಎಂದು ಮರಳಿ ಕರೆತರುವುದೇ ನಾಯಕನ ಸಾಹಸ. ಅಲ್ಲಿ ಅವನು ಹೊಡೆದು ಉರುಳಿಸಬೇಕಾದ ಖಳನಾಯಕನಿಲ್ಲ.

ನಾವು ಆ ಚಿತ್ರವನ್ನು ಇಷ್ಟೊಂದು ಪ್ರೀತಿಸಿದೆವು. ಆದರೆ ಮನೆಗೆ ಹೊತ್ತು ತಂದ ಹೆಸರು ಯಾವುದು? ನಾಗವಲ್ಲಿ. ಗಂಗಾ ಎಂಬ ಹೆಸರು ಎಷ್ಟು ಜನರಿಗೆ ನೆನಪಿದೆ?

ಇದು ಬರಿಯ ಮಾತಿನ ಚಮತ್ಕಾರವಲ್ಲವೆಂದು ನನಗೆ ತಿಳಿಸಿಕೊಟ್ಟದ್ದು ನಾನು ಬಲ್ಲ ಒಂದು ಕುಟುಂಬ. ಗುರುತು ತಿಳಿಯದಿರಲೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ತಂದೆ ತೀರಿಕೊಂಡ ವರ್ಷ, ಪಿ.ಯು.ಸಿ. ಓದುತ್ತಿದ್ದ ಹುಡುಗಿ ನಿದ್ದೆ ತೊರೆದಳು. ರಾತ್ರಿ ಎದ್ದು ಅಂಗಳದಲ್ಲಿ ತಿರುಗುವಳು, ತಂದೆಯ ದನಿಯಲ್ಲಿ ತಾಯಿಯನ್ನು ಗದರಿಸುವಳು. ಕೈಗೆ ತಾಯತ ಬಂತು, ಬೇವಿನ ಸೊಪ್ಪಿನ ಹೊಡೆತವೂ ಆಯಿತು. ಕೊನೆಗೆ ಅಜ್ಜಿ ನನ್ನ ಬಳಿ ಬಂದು, "ಫಾದರ್, ಮಗೀಗೆ ಗಾಳಿ ಸೋಕೈತೆ. ನೀವೊಂದ್ಸಲ ಬಂದು ತಲೆ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿ, ಬಿಟ್ಟು ಹೋಗ್ತದೆ" ಎಂದರು. ನಾನು ಹೋದೆ, ಪ್ರಾರ್ಥಿಸಿದೆ. ಹುಡುಗಿಯನ್ನು ವೈದ್ಯರ ಬಳಿಗೆ ಕರೆದುಕೊಂಡು ಹೋಗಲೇಬೇಕೆಂದೂ ಹೇಳಿದೆ. ಅಜ್ಜಿ ಒಪ್ಪಲಿಲ್ಲ. ಆಸ್ಪತ್ರೆಗೆ ಹೋದರೆ ಹುಚ್ಚಿಯೆಂಬ ಹೆಸರು ಅಂಟುತ್ತದೆ, ದೆವ್ವವಾದರೆ ಬಿಟ್ಟು ಹೋಗುತ್ತದೆ ಎಂಬುದು ಅವರ ಲೆಕ್ಕ.

ಅಲ್ಲಿದ್ದ ಹುಡುಗಿಯ ಸೋದರಮಾವ ಆಟೋ ಓಡಿಸುವವನು. ಮುಂಗೈಯಲ್ಲಿ ಕಡಗ, ಆಟೋ ಹಿಂದೆ ವಿಷ್ಣುವರ್ಧನ್ ಚಿತ್ರ. ಅವನು ತಾಯಿಯ ಕಡೆಗೆ ತಿರುಗಿ, "ಅವ್ವಾ, ಆಪ್ತಮಿತ್ರ ಮೂರು ಸಲ ನೋಡಿದೀಯಲ್ಲ. ಅದ್ರಲ್ಲಿ ಆಚಾರ್ರೇ ಡಾಕ್ಟ್ರ ಮಾತು ಕೇಳಿದ್ರು. ಇಲ್ಲಿ ಫಾದರ್ರೇ ಡಾಕ್ಟ್ರ ಹತ್ರ ಹೋಗು ಅಂತಾವ್ರೆ. ನೀನ್ಯಾಕೆ ಕೇಳಲ್ಲ?" ಎಂದ.

"ಅದು ಸಿನ್ಮಾ ಕಣಪ್ಪ."

"ಸಿನ್ಮಾ ನೋಡಿ ದೆವ್ವ ನಂಬ್ತೀಯ, ಡಾಕ್ಟ್ರನ್ನ ನಂಬಲ್ವಾ?"

ಅಜ್ಜಿಗೆ ಉತ್ತರ ತೋಚಲಿಲ್ಲ. ಮರುದಿನ ಬೆಳಿಗ್ಗೆ ಅದೇ ಆಟೋದಲ್ಲಿ ಹುಡುಗಿಯನ್ನು ಹಾಸನಕ್ಕೆ ಕರೆದೊಯ್ದರು. ಮನೋವೈದ್ಯರು ಮಾತ್ರೆ ಕೊಟ್ಟರು, ಅವಳ ಮಾತು ಕೇಳಿದರು. ತಂದೆಯ ಸಾವಿನ ದಿನ ಅವಳು ಅತ್ತೇ ಇರಲಿಲ್ಲವೆಂಬುದು ಆಮೇಲೆ ಗೊತ್ತಾಯಿತು. ಪೂರ್ತಿ ಗುಣವಾಗಲು ಒಂದೂವರೆ ವರ್ಷ ಹಿಡಿಯಿತು. ಮಾವ ಒಂದು ತಿಂಗಳೂ ತಪ್ಪಿಸದೆ ಬಾಡಿಗೆ ಬಿಟ್ಟು ಅವಳನ್ನು ಕರೆದೊಯ್ದ.

ಆದರೆ ಬೀದಿ ಸುಮ್ಮನಿರಲಿಲ್ಲ. ಅವಳು ಬಸ್ ನಿಲ್ದಾಣಕ್ಕೆ ಬಂದರೆ ಹಿಂದಿನಿಂದ ಯಾರೋ "ನಾಗವಲ್ಲಿ" ಎನ್ನುವರು. ಇನ್ಯಾರೋ ಆ ಚಿತ್ರದ ಹಾಡನ್ನು ಶಿಳ್ಳೆ ಹಾಕುವರು. ಕಾಯಿಲೆ ವಾಸಿಯಾದ ಮೇಲೂ ಹೆಸರು ವಾಸಿಯಾಗಲಿಲ್ಲ. ಗೊತ್ತಾಗಿದ್ದ ಎರಡು ಸಂಬಂಧಗಳು ಆ ಒಂದು ಹೆಸರಿನಿಂದಲೇ ಮುರಿದವು. ಒಂದು ದಿನ ಸೋದರಮಾವ ನಡುರಸ್ತೆಯಲ್ಲಿ ಆಟೋ ನಿಲ್ಲಿಸಿ ಆ ಹುಡುಗರಿಗೆ ಹೇಳಿದ್ದು ಇಷ್ಟೇ: "ಅವಳಿಗೊಂದು ಹೆಸರೈತೆ. ಕರೆಯೋದಾದ್ರೆ ಅದನ್ನ ಕರೀರಿ." ಆ ಹುಡುಗರ ಕೈಯಲ್ಲೂ ಕಡಗವಿತ್ತು. ಒಂದೇ ಚಿತ್ರ, ಒಬ್ಬನೇ ನಾಯಕ. ಒಬ್ಬನು ಅದರಿಂದ ಗೆಳೆತನವನ್ನು ಕಲಿತ, ಇನ್ನುಳಿದವರು ಬೈಗುಳವನ್ನು ಕಲಿತರು. ಆ ಹುಡುಗಿ ಈಗ ಎರಡು ಮಕ್ಕಳ ತಾಯಿಯಾಗಿ ದೂರದ ಊರಿನಲ್ಲಿದ್ದಾಳೆ. ತವರಿಗೆ ಬರುವುದು ಅಪರೂಪ. ಏಕೆಂದು ನಾವು ಊಹಿಸಬಲ್ಲೆವು.

ಸಂತ ಮಾರ್ಕನ ಶುಭಸಂದೇಶದ ಐದನೆಯ ಅಧ್ಯಾಯವನ್ನು ಓದುವಾಗಲೆಲ್ಲ ನನಗೆ ಈ ಪ್ರಸಂಗ ನೆನಪಾಗುತ್ತದೆ. ಗೆರಸೇನರ ನಾಡಿನಲ್ಲಿ ಸಮಾಧಿಗಳ ನಡುವೆ ಅಲೆಯುತ್ತಿದ್ದ ಆ ಮನುಷ್ಯನನ್ನು ಊರಿನವರು ಸರಪಳಿಗಳಿಂದ ಕಟ್ಟಿಹಾಕಲು ನೋಡಿದ್ದರು. ಯೇಸು ಅವನ ಹೆಸರನ್ನು ಕೇಳಿದರು. ಅವನ ಬಾಯಿಂದ ಬಂದದ್ದು ತನ್ನ ಹೆಸರಲ್ಲ, ತನ್ನ ಕಾಟದ ಹೆಸರು. ಒಂದು ಸೈನ್ಯದ ಹೆಸರು. ತಂದೆತಾಯಿ ಇಟ್ಟ ಹೆಸರು ಆ ಗದ್ದಲದಲ್ಲಿ ಹೂತುಹೋಗಿತ್ತು. ಗುಣ ಹೊಂದಿ, ಬಟ್ಟೆ ತೊಟ್ಟು, ಸ್ವಸ್ಥಚಿತ್ತನಾಗಿ ಕುಳಿತ ಅವನನ್ನು ಕಂಡು ಊರಿನವರು ಸಂತೋಷಪಡಲಿಲ್ಲ, ಹೆದರಿದರು. ಕಾಯಿಲೆಯವನಿಗಿಂತ ಗುಣವಾದವನನ್ನು ಒಪ್ಪಿಕೊಳ್ಳುವುದು ಊರಿಗೆ ಕಷ್ಟ. ಪ್ರಭು ಅವನನ್ನು ತಮ್ಮೊಡನೆ ಕರೆದೊಯ್ಯಲಿಲ್ಲ. ನಿನ್ನ ಮನೆಗೆ, ನಿನ್ನವರ ಬಳಿಗೆ ಹೋಗು ಎಂದು ಕಳುಹಿಸಿದರು. ಹೆಸರು ಹಿಡಿದು ಕರೆಯುವ ಜನರಿರುವುದು ಮನೆಯಲ್ಲಿ.

ಈ ವಿಷಯದಲ್ಲಿ ಶ್ರೀಸಭೆಯ ನಿಯಮವೂ ಎಚ್ಚರಿಕೆಯದು. ಅದನ್ನು ನಮ್ಮ ಕುಟುಂಬಗಳು ತಿಳಿದಿರುವುದು ಒಳ್ಳೆಯದು. ಧರ್ಮಾಧ್ಯಕ್ಷರ ವಿಶೇಷ ಹಾಗೂ ಸ್ಪಷ್ಟ ಅನುಮತಿಯಿಲ್ಲದೆ ಯಾರೂ ದೆವ್ವ ಬಿಡಿಸುವ ವಿಧಿಯನ್ನು ನಡೆಸಬಾರದೆಂದು 1983ರ ಧರ್ಮಸಂಹಿತೆಯ 1172ನೆಯ ನಿಯಮ ವಿಧಿಸುತ್ತದೆ. 1999ರಲ್ಲಿ ಪರಿಷ್ಕೃತವಾದ ವಿಧಿಪುಸ್ತಕವು, ಮಾನಸಿಕ ಕಾಯಿಲೆಯನ್ನು ದೆವ್ವದ ಕಾಟವೆಂದು ತಪ್ಪು ತಿಳಿಯದಂತೆ ಎಚ್ಚರಿಸಿ, ಅಗತ್ಯವಿದ್ದಾಗ ವೈದ್ಯರ ಮತ್ತು ಮನೋವೈದ್ಯರ ಸಲಹೆ ಪಡೆಯುವಂತೆ ಹೇಳುತ್ತದೆ. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು, ಕಟ್ಟಿಹಾಕುವುದು ಕರ್ನಾಟಕ ವಿಧಾನಮಂಡಲ 2017ರಲ್ಲಿ ಅಂಗೀಕರಿಸಿದ ಕಾನೂನಿನಂತೆ ಅಪರಾಧ. ಪ್ರಾರ್ಥನೆ ಮತ್ತು ಔಷಧ ಒಂದಕ್ಕೊಂದು ವೈರಿಗಳಲ್ಲ. ಚಿತ್ರದ ಆಚಾರ್ಯರಿಗೂ ವೈದ್ಯನಿಗೂ ತಿಳಿದಿದ್ದ ಸತ್ಯ ನಮಗೆ ತಿಳಿಯದಿರಬಾರದು.

ಚಿತ್ರ ಹೇಳಿದ್ದನ್ನು ಅದನ್ನು ಪ್ರೀತಿಸಿದವರೇ ಮರೆತ ಇನ್ನೊಂದು ಸಂದರ್ಭವೂ ಇದೆ. ಗಂಗಾ ಪಾತ್ರ ವಹಿಸಿದ ಸೌಂದರ್ಯ, ಚಿತ್ರ ತೆರೆಕಾಣುವ ಮುನ್ನವೇ, 2004ರ ಏಪ್ರಿಲ್ 17ರಂದು ಚುನಾವಣಾ ಪ್ರಚಾರಕ್ಕೆ ಹೊರಟ ಪುಟ್ಟ ವಿಮಾನ ಬೆಂಗಳೂರಿನಲ್ಲಿ ಹಾರಿದೊಡನೆ ಬಿದ್ದು, ಅಣ್ಣನೊಂದಿಗೆ ಮೃತರಾದರು. ವಿಷ್ಣುವರ್ಧನ್ 2009ರ ಡಿಸೆಂಬರ್ 30ರಂದು ಮೈಸೂರಿನಲ್ಲಿ ಹೃದಯಾಘಾತದಿಂದ ನಿಧನರಾದರು. ಕಥೆಯನ್ನು ಮುಂದುವರಿಸಿದ 'ಆಪ್ತರಕ್ಷಕ', ಅವರ ಇನ್ನೂರನೆಯ ಚಿತ್ರ, 2010ರ ಫೆಬ್ರವರಿಯಲ್ಲಿ ಅವರಿಲ್ಲದೆ ತೆರೆಗೆ ಬಂತು. ಆಗ ಊರೂರುಗಳಲ್ಲಿ ಒಂದು ಮಾತು ಹುಟ್ಟಿತು: ಇದು ನಾಗವಲ್ಲಿಯ ಶಾಪ.

ದುಃಖ ತಡೆಯಲಾರದೆ ಜನರು ಹೀಗೆ ಆಡಿಕೊಂಡರೆಂದು ಕ್ಷಮಿಸಬಹುದು. ಆದರೂ ಯೋಚಿಸಿ. ಕೋಲಾರ ಸೀಮೆಯ ಮುಳಬಾಗಿಲಿನ ಕಡೆಯಿಂದ ಬಂದು, ದಕ್ಷಿಣದ ಭಾಷೆಗಳಲ್ಲೆಲ್ಲ ಹೆಸರು ಮಾಡಿ, ಗಿರೀಶ್ ಕಾಸರವಳ್ಳಿಯವರ 'ದ್ವೀಪ' ಚಿತ್ರವನ್ನು ತಾವೇ ನಿರ್ಮಿಸಿ ನಟಿಸಿದ ಹೆಣ್ಣುಮಗಳು ಸೌಂದರ್ಯ. ಅವರ ಸಾವನ್ನು ಒಂದು ಕಲ್ಪಿತ ದೆವ್ವದ ಖಾತೆಗೆ ಬರೆದುಬಿಟ್ಟರೆ, ಅವರ ಬದುಕನ್ನೂ ಅಳಿಸಿದಂತೆ ಆಗುವುದಿಲ್ಲವೇ? ಎರಡು ಗಂಟೆಗೂ ಹೆಚ್ಚು ಕಾಲ ತೆರೆಯ ಮೇಲೆ ವೈದ್ಯನು ದೆವ್ವವಿಲ್ಲವೆಂದು ತೋರಿಸಿಕೊಟ್ಟ; ಅದೇ ವೈದ್ಯನ ಪಾತ್ರಧಾರಿ ಸತ್ತಾಗ ನಾವು ದೆವ್ವವನ್ನೇ ಮರಳಿ ಕರೆದೆವು. ಸಾವಿನ ಎದುರು ಸುಮ್ಮನೆ ಕುಳಿತು ಅಳುವುದು ಕಷ್ಟ. ಶಾಪವೆಂದರೆ ಒಂದು ಕಾರಣ ಸಿಕ್ಕಂತಾಗುತ್ತದೆ, ಅಳುವ ಶ್ರಮ ತಪ್ಪುತ್ತದೆ. ಭಯವು ಕಥೆ ಕಟ್ಟುವುದು ಹೀಗೆ.

ಪ್ರೀತಿಯ ನೆನಪು ಬೇರೆ ಬಗೆಯದು. ನಮ್ಮ ಜಿಲ್ಲೆಯವರಿಗೆ ಇದಕ್ಕೆ ದೂರ ಹೋಗಬೇಕಿಲ್ಲ. ಹೇಮಾವತಿಯ ಹಿನ್ನೀರಿನಲ್ಲಿ ನಿಂತಿರುವ ಶೆಟ್ಟಿಹಳ್ಳಿಯ ರೋಜರಿ ಚರ್ಚಿನ ಅವಶೇಷವನ್ನು ನೋಡಲು ಎಲ್ಲಿಂದಲೋ ಬಂದವರು ಅದನ್ನು ಭೂತಬಂಗಲೆಯೆಂದು ಕರೆದು ರೋಮಾಂಚನಗೊಳ್ಳುತ್ತಾರೆ. ಗೊರೂರು ಅಣೆಕಟ್ಟಿನಿಂದಾಗಿ ಆ ಊರನ್ನು ತೊರೆದ ಕುಟುಂಬಗಳ ಹಿರಿಯರಿಗಾದರೋ ಅದು ತಾವು ಜ್ಞಾನಸ್ನಾನ ಪಡೆದ, ತಂದೆತಾಯಿ ಮದುವೆಯಾದ ದೇವಾಲಯ. ಅಪರಿಚಿತರಿಗೆ ಭೂತ ಕಾಣುವಲ್ಲಿ ಮನೆಯವರಿಗೆ ಮುಖಗಳು ಕಾಣುತ್ತವೆ.

ವಿಷ್ಣುವರ್ಧನ್ ಅಭಿಮಾನಿಗಳ ನಿಜವಾದ ಪ್ರೀತಿಯನ್ನೂ ನಾನು ಕಂಡದ್ದು ಇಂಥ ನೆನಪಿನಲ್ಲಿಯೇ. ಬೆಂಗಳೂರಿನ ಅಭಿಮಾನ್ ಸ್ಟುಡಿಯೋದಲ್ಲಿ ಅವರ ಅಂತ್ಯಸಂಸ್ಕಾರವಾದ ಸ್ಥಳಕ್ಕೆ ಪ್ರತಿವರ್ಷ ಸೆಪ್ಟೆಂಬರ್ 18ಕ್ಕೂ ಡಿಸೆಂಬರ್ 30ಕ್ಕೂ ಹಳ್ಳಿಗಳಿಂದ ಜನ ಹೋಗುತ್ತಿದ್ದರು. ಅನ್ನ ಬಡಿಸುತ್ತಿದ್ದರು, ರಕ್ತದಾನ ಮಾಡುತ್ತಿದ್ದರು. ಮೈಸೂರಿನಲ್ಲಿ ಸರ್ಕಾರದ ಸ್ಮಾರಕ 2023ರ ಜನವರಿಯಲ್ಲಿ ಉದ್ಘಾಟನೆಗೊಂಡ ಮೇಲೂ ಆ ಮಣ್ಣಿನ ಮೇಲಿನ ಮಮತೆ ಕಡಿಮೆಯಾಗಲಿಲ್ಲ. ಜಾಗದ ವ್ಯಾಜ್ಯ ನ್ಯಾಯಾಲಯದಲ್ಲಿದ್ದು, 2025ರ ಆಗಸ್ಟ್‌ನಲ್ಲಿ ಅಲ್ಲಿನ ಸಮಾಧಿಯನ್ನು ತೆರವುಗೊಳಿಸಿದಾಗ ನಡುವಯಸ್ಸಿನ ಗಂಡಸರು ಬೀದಿಯಲ್ಲಿ ನಿಂತು ಮಕ್ಕಳಂತೆ ಅತ್ತರು. ಮರುತಿಂಗಳು, ಅವರ 75ನೆಯ ಜನ್ಮದಿನಕ್ಕೆ ಒಂದು ವಾರವಿರುವಾಗ, ರಾಜ್ಯ ಸರ್ಕಾರ ಅವರಿಗೆ ಮರಣೋತ್ತರವಾಗಿ 'ಕರ್ನಾಟಕ ರತ್ನ' ಪ್ರಶಸ್ತಿ ಘೋಷಿಸಿತು. ಕಂಡೇ ಇರದ ಒಬ್ಬ ಮನುಷ್ಯನಿಗಾಗಿ ಹೀಗೆ ಅಳುವುದನ್ನು ಕೆಲವರು ಹುಚ್ಚು ಎನ್ನುತ್ತಾರೆ. ನಾನು ಹಾಗೆನ್ನಲಾರೆ. ಸಮಾಧಿಯ ಬಳಿ ನಿಂತು ಅಳುವುದು ಏನೆಂಬುದನ್ನು ನವೆಂಬರ್ ತಿಂಗಳಲ್ಲಿ ಮೃತರ ಸಮಾಧಿಗಳಿಗೆ ಹೂವು, ಮೇಣದಬತ್ತಿ ಇಡುವ ನಾವು ಬಲ್ಲೆವು.

ಪ್ರಿಯ ಬಂಧುಗಳೇ, ಅಷ್ಟು ಅಳಬಲ್ಲ ಹೃದಯಕ್ಕೆ ಇನ್ನೊಂದು ಕೆಲಸವೂ ಸಾಧ್ಯ. ಡಾಕ್ಟರ್ ವಿಜಯ್ ಈಗ ಯಾವ ಸಮಾಧಿಯಲ್ಲೂ ಇಲ್ಲ, ಯಾವ ಪ್ರತಿಮೆಯಲ್ಲೂ ಇಲ್ಲ. ನಿದ್ದೆಯಿಲ್ಲದೆ ಅಂಗಳದಲ್ಲಿ ತಿರುಗುವ ಮಗಳು, ಬಾಣಂತನದ ಬಳಿಕ ಮಾತು ಬಿಟ್ಟ ಸೊಸೆ, ಸಾಲದ ಚಿಂತೆಯಲ್ಲಿ ಕೋಣೆಯ ಬಾಗಿಲು ಹಾಕಿಕೊಂಡ ಅಣ್ಣ, ಇವರ ಪಕ್ಕದಲ್ಲಿ ಯಾರಾದರೂ ಬಂದು ಕುಳಿತರೆ ಅಲ್ಲಿ ಅವನಿದ್ದಾನೆ. ಅಂಥವರು ನಿಮ್ಮ ಮನೆಯಲ್ಲಿದ್ದರೆ ಮುಚ್ಚಿಡಬೇಡಿ. ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಹೋಗಲಾಗದಿದ್ದರೆ 2022ರ ಅಕ್ಟೋಬರ್‌ನಲ್ಲಿ ಆರಂಭವಾದ 'ಟೆಲಿ ಮಾನಸ್' ಸಹಾಯವಾಣಿಯ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲಿಯೇ ಮಾತಾಡಬಹುದು, ಹಣ ಕೊಡಬೇಕಿಲ್ಲ. ನಿಮ್ಮ ಗುರುಗಳನ್ನೂ ಕರೆಯಿರಿ, ಬಂದು ಪ್ರಾರ್ಥಿಸುತ್ತಾರೆ.

ಚಿತ್ರವನ್ನು ಮತ್ತೆ ಟಿ.ವಿ.ಯಲ್ಲಿ ಹಾಕಿದಾಗ ಮಕ್ಕಳೊಂದಿಗೆ ಕುಳಿತು ನೋಡಿ, ಮುಸರೆ ಕೃಷ್ಣಮೂರ್ತಿಯ ಪಾಡಿಗೆ ಮನಸಾರೆ ನಗಿ. ಮುಗಿದ ಮೇಲೆ ಮಕ್ಕಳನ್ನು ಒಂದು ಪ್ರಶ್ನೆ ಕೇಳಿ: ಆ ಹೆಣ್ಣುಮಗಳ ಹೆಸರೇನು? ನಾಗವಲ್ಲಿ ಎಂದರೆ ತಿದ್ದಿ. ಆ ತಿದ್ದುಪಡಿ ನಾಳೆ ಯಾವುದೋ ಬಸ್ ನಿಲ್ದಾಣದಲ್ಲಿ ಒಬ್ಬಳನ್ನು ಕಾಪಾಡಬಹುದು.